ಬೋರ್ಡು ಬಲ್ಲ ಕಾಕಾ

ಬೈಲಹೊಂಗಲದ ಕಡೆ ಮನೆತನಕ್ಕೊಬ್ಬ ಇಂಥ ಕಾಕಾ ಇರುತ್ತಾರೆ. ಕಾರು ನಡೆಸಲು ಬಾರದು, ಆದರೆ ಮುಂದಿನ ಸೀಟು ಅವರದೇ. ರಸ್ತೆಬದಿಯ ಒಂದು ಬೋರ್ಡನ್ನೂ ಅರ್ಥ ಹೇಳದೆ ಬಿಡರು. ತ್ರಿಕೋನದೊಳಗೆ ಉಬ್ಬು ಕಂಡರೆ "ಎಲ್ಲಮ್ಮನ ಗುಡ್ಡ ಬಂತು" ಎಂದು ಕೈಮುಗಿಯುತ್ತಾರೆ. ಮುಗಿದ ಕೈ ಬಿಡುವಷ್ಟರಲ್ಲಿ ಹಂಪ್ ಹಾರಿ ತಲೆ ಟಾಪಿಗೆ ಬಡಿದಿರುತ್ತದೆ.

ಒಮ್ಮೆ ಕಿತ್ತೂರಿನ ಹತ್ತಿರ ನಮ್ಮ ಕಾಕಾ ಹೆದ್ದಾರಿ 48 ಎಂಬ ಬೋರ್ಡು ನೋಡಿ, "ನಾಲ್ಕರ ಮುಂದ ಯಾರೋ ಉಡಾಳರು ಎಂಟು ಬರದಾರ" ಎಂದರು. ಪುಣೆ–ಬೆಂಗಳೂರು ರಸ್ತೆಯ ಸಂಖ್ಯೆ 4 ಹೋಗಿ 48 ಆದದ್ದು 2010ರಲ್ಲಿ, ಕಾಕಾನ ಒಪ್ಪಿಗೆ ಪಡೆಯದೆ. ಆಸ್ಪತ್ರೆ ಮುಂದೆ ಹಾರ್ನಿನ ಚಿತ್ರದ ಮೇಲೆ ಕೆಂಪು ಗೀಟಿದ್ದರೆ, "ಗೀಟು ಎಳದಾರಂದ್ರ ಜರೂರ್ ಅಂತ. ಸಾಲ್ಯಾಗ ಮಾಸ್ತರ್ ಹೇಳಿಲ್ಲೇನು? ಒತ್ತೋ ತಮ್ಮಾ!"

ಸವದತ್ತಿಯಿಂದ ರಾಮದುರ್ಗಕ್ಕೆ ಮದುವೆಗೆ ಹೊರಟಿದ್ದೆವು. ಕೆಂಪು ವೃತ್ತದಲ್ಲಿ 40 ಕಂಡಿತು. "ಇನ್ನ ನಲವತ್ತು ಕಿಲೋಮೀಟರ್." ಮುಂದೆ 30. "ಹತ್ತು ಸರದ್ವಿ." ಸಾಲೆಯ ಹತ್ತಿರ 20 ಬಂದಾಗ ಕಾಕಾ ಟೊಪ್ಪಿಗೆ ಝಾಡಿಸಿ, ಆಹೇರಿಯ ಪಾಕೀಟು ಕೈಗೆ ತೆಗೆದುಕೊಂಡರು. ಸಾಲೆ ದಾಟಿತು, ಮತ್ತೆ 40!

"ಗಾಡಿ ಹೊಳ್ಳಸು! ಹಿಂದಕ್ಕ ಹೊಂಟೇವಿ!"

ಬದಿಗೆ ನಿಲ್ಲಿಸಿ ಪಾಠ ಹೇಳಿದೆ: ವೃತ್ತವೆಂದರೆ ಆಜ್ಞೆ, ತ್ರಿಕೋನವೆಂದರೆ ಎಚ್ಚರಿಕೆ, ಆಯತವೆಂದರೆ ಮಾಹಿತಿ, ಇದು ವೇಗದ ಮಿತಿ. ಲೈಸನ್ಸ್ ಪರೀಕ್ಷೆಗೆ ಉರು ಹೊಡೆದದ್ದಷ್ಟೇ ನನ್ನ ಬಂಡವಾಳ. ಕಾಕಾ ಶಾಂತವಾಗಿ ಕೇಳಿ, "ಹಂಗಾದ್ರ ಇಪ್ಪತ್ತರಾಗ ಹೊಂಟಾವ ಒಬ್ಬನ್ನ ತೋರ್ಸು" ಎಂದರು. ಅಷ್ಟರಲ್ಲಿ ಸಾಲೆಯ ಮುಂದಿನಿಂದಲೇ ತುಂಬಿದ ಟಂಟಂ ಒಂದು ನಮ್ಮನ್ನು ಸವರಿಕೊಂಡು ಹಾರಿತು. ನನ್ನ ಬಳಿ ಉತ್ತರವಿರಲಿಲ್ಲ.

ಮೈಲುಗಲ್ಲಿನ ವಿಷಯದಲ್ಲಿ ಮಾತ್ರ ಅವರು ತಪ್ಪಿದ್ದಿಲ್ಲ. ಹಳದಿ ತಲೆಯದು ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆಯದು ರಾಜ್ಯದ್ದು, ಕತ್ತಲಲ್ಲೂ ಗುರುತಿಸುತ್ತಾರೆ. ಅದೇ ಮದುವೆಯಿಂದ ರಾತ್ರಿ ಮರಳುವಾಗ ಕೂಡುರಸ್ತೆಯ ದಾರಿಬೋರ್ಡಿನ ಮೇಲೆ ಯಾವನೋ ಧುರೀಣನ ಹುಟ್ಟುಹಬ್ಬದ ಫ್ಲೆಕ್ಸು. ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಕಾಕಾ ಕಾಜು ಇಳಿಸಿ ಕಲ್ಲು ನೋಡಿ, "ಎಡಕ್ಕ ಹೊಡಿ. ಭಾರತ ಹುಣ್ಣಿಮಿಗೆ ಚಕ್ಕಡಿ ಹೂಡ್ಕೊಂಡು ಇದ ದಾರೀಲೆ ಎಲ್ಲಮ್ಮನ ಗುಡ್ಡಕ್ಕ ಹೋಗ್ತಿದ್ವಿ. ಆಗೆಲ್ಲಿ ಬೋರ್ಡು? ಎತ್ತಿಗೇ ಗೊತ್ತಿತ್ತು" ಎಂದರು. ಸರಿಯಾಗಿಯೇ ಊರು ಮುಟ್ಟಿದೆವು.

ಫ್ಲೆಕ್ಸ್ ಕಟ್ಟುವ ಅಣ್ಣಂದಿರೇ, ದಾರಿಯ ಬೋರ್ಡೊಂದು ಬಿಟ್ಟು ಎಲ್ಲಾದರೂ ಕಟ್ಟಿರಿ. ಗುಡ್ಡಕ್ಕೆ ಬರುವ ಪರವೂರಿನವರ ಕಾರಿನಲ್ಲಿ ನಮ್ಮ ಕಾಕಾ ಇರುವುದಿಲ್ಲ.