ಚಿಗವ್ವನ ಪುಸ್ತಕವೂ ಸವಣೂರ ಖಾರವೂ

ಶಿಗ್ಗಾವಿಯ ನಮ್ಮ ಚಿಗವ್ವ ಯಾವುದೋ ಮಹಿಳಾ ಕೂಟಕ್ಕೆ ಹೋಗಿ ಬಂದಾಗಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅಲ್ಲಿ ಒಂದು ಸಣ್ಣ ಪುಸ್ತಕ ಹಂಚಿದ್ದಾರೆ. ಕ್ರೈಸ್ತ ಕುಟುಂಬ ಏನು ಉಣ್ಣಬೇಕು, ರೊಕ್ಕ ಹೇಗೆ ಖರ್ಚು ಮಾಡಬೇಕು, ಗಂಡ ಹೆಂಡಿರು ಹೇಗೆ ಮಾತಾಡಬೇಕು, ಎಷ್ಟು ತಾಸು ನಿದ್ದೆ ಮಾಡಬೇಕು, ಎಲ್ಲ ಅದರಲ್ಲಿದೆ. ಚಿಗವ್ವ ಅದನ್ನು ಬೈಬಲ್ಲಿನೊಳಗೇ ಇಟ್ಟುಕೊಂಡಿದ್ದಾಳೆ. ಹೀಗಾಗಿ ಅವಳು ಬೈದದ್ದು ಯಾವ ಪುಸ್ತಕದ್ದು ಅಂತ ಗೊತ್ತಾಗದೆ ನಾವು ಎರಡಕ್ಕೂ ಹೆದರುತ್ತೇವೆ.

ಮೊದಲ ಏಟು ಬಿದ್ದದ್ದು ಕಾಕಾನ ತಾಟಿಗೆ. ದಾನಿಯೇಲನ ಪಥ್ಯ ಅಂತೆ. ಬಾಬೆಲಿನ ಅರಸನ ಊಟ ಒಲ್ಲೆ ಅಂದು ದಾನಿಯೇಲನೂ ಅವನ ಮೂವರು ಗೆಳೆಯರೂ ಹತ್ತು ದಿನ ಬರೀ ಕಾಯಿಪಲ್ಲೆ, ನೀರಿನ ಮೇಲಿದ್ದರಲ್ಲ, ಅದು. ಚಿಗವ್ವ ಇದನ್ನು ಹಿಡಿದು ಇಡೀ ಮನೆಯ ತೂಕ ಇಳಿಸಲು ಹೊರಟಿದ್ದಾಳೆ. ನಾನು ಆ ಅಧ್ಯಾಯ ತೆಗೆದು ನೋಡಿದೆ.

“ಚಿಗವ್ವಾ, ಹತ್ತು ದಿನ ಆದಮ್ಯಾಲೆ ಅರಸನ ಊಟ ಉಂಡವರಕಿಂತ ಇವರ ಮೈತುಂಬಿಕೊಂಡು ದುಂಡಗಾಗಿದ್ರು ಅಂತ ಐತಲ್ಲ?”

“ನೀ ಸುಮ್ನಿರೊ. ಅದು ಬಾಬೆಲಿನ ನೀರು.”

ಕಾಕಾನ ಪ್ರತ್ಯಸ್ತ್ರ ಬೇರೆ. ಇಡೀ ಬೈಬಲ್ಲಿನಲ್ಲಿ ಅವನಿಗೆ ಬಾಯಿಪಾಠ ಇರುವುದು ಒಂದೇ ಮಾತು: ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಅಂತ ಪೌಲ ತಿಮೊಥೆಗೆ ಬರೆದದ್ದು. ‘ಸ್ವಲ್ಪ’ ಅನ್ನುವಲ್ಲಿ ಮಾತ್ರ ಕಾಕಾನಿಗೆ ಕೆಮ್ಮು ಬರುತ್ತದೆ. ಅದರ ಜೊತೆ ನಂಜಿಕೊಳ್ಳಲು ಸವಣೂರ ಖಾರ ಇರಲಿ ಅಂತ ಪೌಲ ಬರೆದಿಲ್ಲ, ನಿಜ. ಆದರೆ ಪೌಲ ಎಫೆಸ, ಕೊರಿಂಥ ಅಂತ ತಿರುಗಿದವನು. ಸವಣೂರಿಗೆ ಬಂದಿದ್ದರೆ ಆ ಪತ್ರ ಇನ್ನೊಂದು ಸಾಲು ಉದ್ದವಾಗುತ್ತಿತ್ತು.

ಈಗ ಮನೆಗೆ ಓಟ್ಸ್ ಬಂದಿದೆ. ಪುಸ್ತಕದಲ್ಲಿದೆಯಂತೆ. ಕನಕದಾಸರು ಹುಟ್ಟಿದ ಬಾಡ ಇದೇ ಶಿಗ್ಗಾವಿ ತಾಲೂಕಿನ ಊರು. ಆ ಪುಣ್ಯಾತ್ಮರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸಿ, ಕೊನೆಗೆ ರಾಮನ ಕೈಯಲ್ಲಿ ರಾಗಿಯನ್ನು ಗೆಲ್ಲಿಸಿದವರು. ವಿಶ್ವಸಂಸ್ಥೆಗೆ ಇದು ಹೊಳೆದು ಸಿರಿಧಾನ್ಯದ ವರ್ಷ ಆಚರಿಸಿದ್ದು 2023ರಲ್ಲಿ. ನಾಲ್ಕುನೂರು ವರ್ಷ ತಡವಾದರೂ ಚಿಂತೆಯಿಲ್ಲ, ನಮ್ಮ ಚಿಗವ್ವನಿಗೆ ಇನ್ನೂ ಹೊಳೆದಿಲ್ಲ.

ಹಾನಗಲ್ಲಿನ ನಮ್ಮ ಬೀಗರ ಮುಂದೆ ಮಾತ್ರ ಈ ರಾಗಿ ವಾದ ನಡೆಯುವುದಿಲ್ಲ. ಅವರದು ಮಲೆನಾಡಿನ ಸೆರಗು, ಭತ್ತದ ಗದ್ದೆ, ಮೂರು ಹೊತ್ತು ಅನ್ನ. ಅಕ್ಕಿ ಉಂಡವ ಹಕ್ಕಿಯಾಗುತ್ತಾನೆ, ರೋಗ ಹತ್ತಿ ವೈದ್ಯನಿಗೆ ರೊಕ್ಕ ಸುರಿಯುತ್ತಾನೆ ಅನ್ನುವ ಅರ್ಥದ ಪದವೊಂದು ಸರ್ವಜ್ಞನ ಹೆಸರಿನಲ್ಲಿ ಓಡಾಡುತ್ತದೆ. ಜೋಳ ತಿಂದವ ತೋಳವಾಗುತ್ತಾನಂತೆ. ಹಕ್ಕಿಗಳೂ ತೋಳಗಳೂ ಬೀಗರಾದ ಮನೆ ನಮ್ಮದು. ಊಟಕ್ಕೆ ಕೂತಾಗ ತಿಳಿಯುತ್ತದೆ.

ರೊಕ್ಕದ ಅಧ್ಯಾಯಕ್ಕೆ ಬಂದಾಗ ನಗು ಸ್ವಲ್ಪ ಒಣಗಿತು. ಹತ್ತರಲ್ಲಿ ಒಂದು ಪಾಲು ದೇವರಿಗೆ ದಶಮಾಂಶ, ಒಂದು ಪಾಲು ಉಳಿತಾಯಕ್ಕೆ ಅಂತ ಪುಸ್ತಕ ಹೇಳುತ್ತದೆ. ಉಳಿದ ಎಂಟು ಪಾಲು ಮಂಗಳವಾರಕ್ಕೆ ಅಂತ ಚಿಗವ್ವ ಹೇಳುತ್ತಾಳೆ. ಮಂಗಳವಾರ ಫೈನಾನ್ಸಿನವರು ಕಂತಿಗೆ ಬರುವ ದಿನ. ಜ್ಞಾನೋಕ್ತಿಗಳಲ್ಲಿ ಸೊಲೊಮೋನ ಮತ್ತೊಬ್ಬರಿಗೆ ಜಾಮೀನು ಬೀಳಬೇಡ, ಬಿದ್ದಿದ್ದರೆ ಬೇಟೆಗಾರನ ಕೈ ತಪ್ಪಿಸುವ ಜಿಂಕೆಯ ಹಾಗೆ ಓಡು ಅನ್ನುತ್ತಾನಲ್ಲ, ಅದನ್ನು ಅವಳು ಸಾಲದ ಗುಂಪಿನ ಹತ್ತು ಹೆಣ್ಣುಮಕ್ಕಳ ಮುಂದೆ ಓದಿದಳಂತೆ. ಹತ್ತೂ ಜನ ಒಬ್ಬರಿಗೊಬ್ಬರು ಜಾಮೀನು. “ಓಡೂದಾದ್ರ ಎಲ್ಲಿಗವ್ವಾ? ಎಲ್ಲಾರೂ ಒಂದ ಓಣ್ಯಾಗಿನವರು” ಅಂದಳಂತೆ ಒಬ್ಬಾಕೆ. 2025ರ ಜನವರಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹೆಂಗಸರು ಇದೇ ಸಾಲದ ಕಾಟಕ್ಕೆ ತಾಳಿಯನ್ನೇ ಅಂಚೆಗೆ ಹಾಕಿ ಮುಖ್ಯಮಂತ್ರಿಗೆ ಕಳಿಸಿದರು. ಮುಂದಿನ ತಿಂಗಳು ಸುಗ್ರೀವಾಜ್ಞೆ ಬಂತು. ವಸೂಲಿಗೆ ಪೀಡಿಸಿದರೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಪುಸ್ತಕ ಬರೆದವರಿಗೆ ಇದೇನೂ ಗೊತ್ತಿದ್ದಂತಿಲ್ಲ. ಹೊರಗೆ ಚಹಾ ಕುಡಿಯುವುದು ಬಿಟ್ಟರೆ ರೊಕ್ಕ ಉಳಿಯುತ್ತದೆ ಅಂತ ಬರೆದಿದ್ದಾರೆ.

ದಾಂಪತ್ಯಕ್ಕೆ ಬರೋಣ. ದಿನಾ ರಾತ್ರಿ ಗಂಡ ಹೆಂಡತಿ ಇಪ್ಪತ್ತು ನಿಮಿಷ ಎದುರಾಬದುರು ಕೂತು ಮನಸ್ಸು ಬಿಚ್ಚಿ ಮಾತಾಡಬೇಕಂತೆ. ಮೊದಲ ರಾತ್ರಿ ಬ್ಯಾಡಗಿ ಮೆಣಸಿನಕಾಯಿ ರೇಟು ಮಾತಾಡಿದರು. ಎರಡನೆಯ ರಾತ್ರಿ ರೇಟು ಬಿದ್ದಿತ್ತು, ಮಾತಾಡಲಿಲ್ಲ. ಮೂರನೆಯ ರಾತ್ರಿ ಕಾಕಾ ಎಲ್ಲಿಂದಲೋ ಸೊಲೊಮೋನನನ್ನೇ ಎಳೆತಂದ: ಜಗಳಗಂಟಿಯ ಜೊತೆ ಇರುವುದಕ್ಕಿಂತ ಮಾಳಿಗೆಯ ಮೂಲೆ ಲೇಸು. ಚಿಗವ್ವ ಬಿಡುತ್ತಾಳೆಯೆ? “ಏಳುನೂರು ರಾಣಿಯರು, ಮ್ಯಾಲೆ ಮುನ್ನೂರು ಉಪಪತ್ನಿಯರು. ಅಂಥಾ ಮನ್ಯಾಗ ಮಾಳಿಗಿ ಮೂಲಿ ಖಾಲಿ ಸಿಕ್ಕಿತ್ತೇನ್ರಿ ಅವಂಗ?”

ಆಗ ನಾನು ಮಧ್ಯೆ ಬಾಯಿ ಹಾಕಿ ಉತ್ತಂಗಿ ಚೆನ್ನಪ್ಪನವರ ಕಥೆ ಹೇಳಿದೆ. ಬಾಸೆಲ್ ಮಿಶನ್ನಿನ ಪಾದ್ರಿ, 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಉಪದೇಶ ಮಾಡುವುದೇ ಉದ್ಯೋಗ. ಆದರೆ ಆ ಮಹಾರಾಯರು ಉಪದೇಶ ಕೊಡುವುದರ ಜೊತೆಗೆ ಜನರ ಬಾಯಲ್ಲಿದ್ದ ಸರ್ವಜ್ಞನ ಪದಗಳನ್ನು ಇಸಿದುಕೊಂಡರು. ವರ್ಷಗಟ್ಟಲೆ ಕೂಡಿಸಿ, ತಿದ್ದಿ, 1924ರಲ್ಲಿ ಅಚ್ಚು ಹಾಕಿಸಿದರು. ತಮ್ಮನ್ನು ‘ತಿರುಳ್ಗನ್ನಡ ತಿರುಕ’ ಅಂತ ಕರೆದುಕೊಂಡರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸರ್ವಜ್ಞ ಅಂದರೆ ನಮ್ಮ ಹಿರೇಕೆರೂರ ಕಡೆಯವ. ಅಬಲೂರಿನವರೂ ನಮ್ಮವ ಅಂತಾರೆ, ಮಾಸೂರಿನವರೂ ನಮ್ಮವ ಅಂತಾರೆ. ಸಾಲ, ಸಂಸಾರ, ಊಟ, ಉಪವಾಸ, ಯಾವುದಕ್ಕೂ ಮೂರು ಸಾಲು ಸಾಕು ಅವನಿಗೆ. ಬೆಚ್ಚಗಿನ ಮನೆ, ಖರ್ಚಿಗೆ ರೊಕ್ಕ, ಮನಸ್ಸು ತಿಳಿಯುವ ಹೆಂಡತಿ ಇದ್ದರೆ ಸ್ವರ್ಗಕ್ಕೇ ಬೆಂಕಿ ಇಡು ಅಂದ ಭೂಪ. ಸ್ವರ್ಗದ ದಾರಿ ತೋರಿಸಬೇಕಾದ ಅಯ್ಯನವರು ಇಂಥವನ ಬೆನ್ನು ಹತ್ತಿದರಲ್ಲ, ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಂದಲೇ.

ಚಿಗವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಈ ಸರ್ವಜ್ಞಗ ಮದುವಿ ಆಗಿತ್ತನ?”

“ಎಲ್ಲೀದು ಚಿಗವ್ವಾ. ಊರೂರು ತಿರುಗೋ ತಿರುಕ ಅಂತ ಹೇಳ್ತಾರ.”

“ಹಂಗಾರ ಸೊಲೊಮೋನಗ ಸಾವಿರ, ಇವಂಗ ಸೊನ್ನಿ. ಒಂದ ಒಂದು ಕಟಗೊಂಡವರು ಯಾರೂ ಏನೂ ಬರದಿಲ್ಲೇನು?”

ನನ್ನಲ್ಲಿ ಉತ್ತರವಿರಲಿಲ್ಲ. ಕಾಕಾ ಛಾವಣಿ ನೋಡುತ್ತಿದ್ದ.

“ಖರ್ಚಿಗೆ ರೊಕ್ಕ ಅಂದನಲ್ಲ, ಎಷ್ಟು ಅಂತ ಹೇಳ್ಯಾನನ?”

“ಇಲ್ಲ.”

“ಮಂಗಳವಾರ ಅವಂಗೇನ ಗೊತ್ತು” ಅಂದವಳೇ ಕನ್ನಡಕ ತೆಗೆದು ಪುಸ್ತಕದೊಳಗಿಟ್ಟು, ಕಾಕಾನ ಕಡೆ ಕೈ ಚಾಚಿದಳು. “ಆ ಸವಣೂರ ಖಾರದ ಪೊಟ್ಟಣ ಇತ್ತಾಗ ಸರಸ್ರಿ.”