ಲಿಂಟಲ್ ಶೈಲಿ: ಒಂದು ಪ್ರಾಥಮಿಕ ಅಧ್ಯಯನ

ಹಾನಗಲ್ಲಿನ ತಾರಕೇಶ್ವರ ಗುಡಿಯ ಛತ್ತಿನ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಆ ಗುಡಿಯಿಂದ ಹೊರಬಿದ್ದು ಯಾವ ಹಳ್ಳಿಯ ದಾರಿ ಹಿಡಿದರೂ ಎದುರಾಗುವ, ಛತ್ತೇ ಇಲ್ಲದ ಕಟ್ಟಡಗಳ ಬಗ್ಗೆ ಮಾತ್ರ ಯಾರೂ ಪೆನ್ನು ಎತ್ತಿಲ್ಲ. ಕಲ್ಯಾಣ ಚಾಲುಕ್ಯರು, ಹಾನಗಲ್ ಕದಂಬರು, ಸವಣೂರು ನವಾಬರು ಎಂದು ಎಣಿಸಿ ಕೈತೊಳೆದುಕೊಂಡವರಿಗೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಬೆಳೆದುನಿಂತ ಲಿಂಟಲ್ ಶೈಲಿ ಕಣ್ಣಿಗೇ ಬಿದ್ದಿಲ್ಲ. ಆ ಕೊರತೆ ನೀಗಿಸಲು ಈ ಪ್ರಬಂಧ.

ಲಕ್ಷಣಗಳು ಸರಳ. ಬಾಗಿಲ ಮೇಲಿನ ಲಿಂಟಲ್‌ವರೆಗೆ, ಅಂದರೆ ಏಳಡಿ ಎತ್ತರದ ನಾಲ್ಕು ಗೋಡೆ. ಮೇಲೆ ತುಕ್ಕು ಹಿಡಿದ ಸರಳುಗಳು. ಬಾಗಿಲಿಲ್ಲದಿದ್ದರೂ ಚೌಕಟ್ಟಿಗೆ ಅರಿಶಿನ, ಕುಂಕುಮ, ಒಣಗಿದ ಮಾವಿನೆಲೆ. ಗರ್ಭಗುಡಿ ಇರಬೇಕಾದಲ್ಲಿ ಸೊಪ್ಪಿ ಬಣವೆ, ಅದರ ಪಕ್ಕ ಒಂದು ಎಮ್ಮೆ.

ಕಾಲನಿರ್ಣಯವೂ ಕಷ್ಟವಲ್ಲ. ಪಾಯಾ ಯುಗ, ಲಿಂಟಲ್ ಯುಗ, ಚಾವಣಿ ಯುಗ, ಮುಕ್ತಾಯ ಯುಗ: ವಸತಿ ಯೋಜನೆಯ ಕಂತು ಎಷ್ಟೋ ಯುಗಗಳೂ ಅಷ್ಟೇ. ಯುಗ ಬದಲಾಗಲು ದಂಡಯಾತ್ರೆಯೇನೂ ಬೇಕಿಲ್ಲ, ಮನೆಯ ಮುಂದೆ ಫಲಾನುಭವಿಯನ್ನು ನಿಲ್ಲಿಸಿ ಆ್ಯಪಿನಲ್ಲಿ ಜಿಪಿಎಸ್ ಫೋಟೊ ಹೊಡೆದರೆ ಸಾಕು. ಫೋಟೊ ಏರಿದ ಮೇಲೆ ಕಂತು ಬರುವವರೆಗಿನ ಅವಧಿಯನ್ನು ನಾವು ತಜ್ಞರು ‘ಅಂಧಕಾರ ಯುಗ’ ಎನ್ನುತ್ತೇವೆ.

ಹಿರೇಕೆರೂರು ಕಡೆಯ ಒಂದು ಹಳ್ಳಿಯಲ್ಲಿ ಈ ಯುಗಪಲ್ಲಟವನ್ನು ಕಣ್ಣಾರೆ ಕಂಡೆ. “ಅಜ್ಜಿ, ಚೂರು ಸರೀರಿ, ಗ್ವಾಡಿ ಕಾಣವಲ್ದು” ಎಂದರು ಫೋಟೊ ತೆಗೆಯಲು ಬಂದವರು. ಅಜ್ಜಿ ಸರಿದಳು. “ಈಗ ನೀವ ಕಾಣವಲ್ರಿ.” ಇಬ್ಬರೂ, ಅಂದರೆ ಅಜ್ಜಿಯೂ ಗೋಡೆಯೂ, ಕೊನೆಗೊಮ್ಮೆ ಒಂದೇ ಚೌಕಟ್ಟಿನಲ್ಲಿ ಬಂದಾಗ ನೆಟ್‌ವರ್ಕ್ ಹೋಯಿತು. ಸಿಗ್ನಲ್ ಸಿಗುವುದು ಕೆರೆ ಏರಿ ಮೇಲೆ ಮಾತ್ರ. ಅಲ್ಲಿಗೆ ಹೋಗಿ ಫೋಟೊ ಏರಿಸಿದರು. ಹೀಗಾಗಿ ದಾಖಲೆಯ ಪ್ರಕಾರ ಅಜ್ಜಿಯ ಮನೆ ಈಗ ಕೆರೆಯಲ್ಲಿದೆ.

ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ನಿಯಮ ಬರೆದವರ ದೂರದೃಷ್ಟಿ ನನಗೆ ಅರ್ಥವಾದದ್ದು ಆಗಲೇ. 2016ರಲ್ಲಿ ಯೋಜನೆ ಬಂದಾಗ, 2011ರ ಸಾಮಾಜಿಕ-ಆರ್ಥಿಕ ಗಣತಿಯ ಪಟ್ಟಿಯಿಂದ ಯಾರನ್ನು ಕೈಬಿಡಬೇಕು ಎನ್ನಲು 13 ಅಂಶಗಳಿದ್ದವು. ಬೈಕ್ ಇದ್ದರೆ ಮನೆಯಿಲ್ಲ, ಫ್ರಿಜ್ ಇದ್ದರೆ ಮನೆಯಿಲ್ಲ, ಲ್ಯಾಂಡ್‌ಲೈನ್ ಫೋನ್ ಇದ್ದರೆ ಮನೆಯಿಲ್ಲ, ಮೋಟಾರು ಮೀನುಗಾರಿಕೆ ದೋಣಿ ಇದ್ದರೂ ಮನೆಯಿಲ್ಲ. ಹಾವೇರಿ ಜಿಲ್ಲೆಗೆ ಸಮುದ್ರವಿಲ್ಲ ಎಂದು ಕೆಲವರು ನಕ್ಕರು. ಮನೆಯೇ ಕೆರೆಯಲ್ಲಿರುವವರ ಹತ್ತಿರ ದೋಣಿ ಇದ್ದೀತೆಂಬ ಅನುಮಾನ ಸಹಜವಲ್ಲವೆ? 2024ರಲ್ಲಿ ಬೈಕು, ಫ್ರಿಜ್, ಫೋನು, ದೋಣಿ ನಾಲ್ಕಕ್ಕೂ ಕ್ಷಮಾದಾನ ಸಿಕ್ಕಿತು. ಸವಣೂರಿನ ದೋಣಿ ಮಾಲೀಕರು ನಿಟ್ಟುಸಿರು ಬಿಟ್ಟಿರಬೇಕು.

ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ನೆರವು 1.20 ಲಕ್ಷ ರೂಪಾಯಿ, ಮನೆಯ ಅಳತೆ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್. ಭಾಗಿಸಿದರೆ ಚದರಡಿಗೆ ಸುಮಾರು 446 ರೂಪಾಯಿ. ಈ ಲೆಕ್ಕವನ್ನು ಶಿಗ್ಗಾವಿಯ ಗೌಂಡಿಯೊಬ್ಬರ ಮುಂದಿಟ್ಟೆ. “ಯಾವ ಇಸ್ವಿ ರೇಟ್‌ರೀ ಇದು?” ಎಂದರು. ಇಷ್ಟು ಇತಿಹಾಸಪ್ರಜ್ಞೆ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಅಪರೂಪ.

ಇದು ಸಮುದಾಯವೇ ಮುಂದಾಳಾಗಿರುವ ವಸತಿ ಎಂಬುದರಲ್ಲಿ ಸಂಶಯ ಬೇಡ. ಫಲಾನುಭವಿಯನ್ನು ಆರಿಸುವುದು ಗ್ರಾಮಸಭೆ. ಹೆಸರುಗಳು ಸಭೆಗೆ ಮೊದಲೇ ಸಿದ್ಧವಾಗಿರುತ್ತವೆ ಎಂಬ ದೂರಿದೆ, ಆದರೆ ಜನರ ಸಮಯ ಉಳಿಸುವುದೂ ಒಂದು ಸೇವೆಯೇ. ಪಾಯಾ ತೋಡುವವನು ಮನೆಯವನೇ, ಕೂಲಿ ಉದ್ಯೋಗ ಖಾತ್ರಿಯ 90 ದಿನದ ಲೆಕ್ಕಕ್ಕೆ. ಉಸುಕಿಗೆ ಭಾವನ ಟ್ರ್ಯಾಕ್ಟರ್, ಇಟ್ಟಂಗಿಗೆ ಹೆಂಡತಿಯ ಸಂಘದ ಸಾಲ, ಸಿಮೆಂಟಿಗೆ ಅಂಗಡಿಯವರ ಉದ್ರಿ, ಸಾಲದ್ದಕ್ಕೆ ಮುಯ್ಯಾಳು. ಕಟ್ಟುವುದು ಸಮುದಾಯ, ಫೋಟೊ ತೆಗೆಯುವುದು ಸರ್ಕಾರ. ಇಷ್ಟು ಸ್ಪಷ್ಟವಾದ ಅಧಿಕಾರ ವಿಕೇಂದ್ರೀಕರಣ ಬೇರೆ ಯಾವ ಇಲಾಖೆಯಲ್ಲಿದೆ?

ಬೀಳುವ ಮನೆಗಳದು ಇನ್ನೊಂದು ಶಾಸ್ತ್ರ. 2019ರ ಆಗಸ್ಟಿನಲ್ಲಿ ವರದಾ ನದಿ ಉಕ್ಕಿ, ಮಳೆ ಹಿಡಿದು, ಮಣ್ಣಿನ ಗೋಡೆಗಳು ಸಾಲಾಗಿ ಕುಸಿದವು. ಕುಸಿದದ್ದು ಶೇ 75ಕ್ಕಿಂತ ಹೆಚ್ಚಾದರೆ ‘ಎ’, 25ರಿಂದ 75 ‘ಬಿ’, 15ರಿಂದ 25 ‘ಸಿ’. ಪರಿಹಾರ ‘ಎ’ಗೆ 5 ಲಕ್ಷ ರೂಪಾಯಿ, ‘ಸಿ’ಗೆ 50 ಸಾವಿರ. ಶೇ 14 ಬಿದ್ದ ಗೋಡೆ ನಪಾಸು. ಗೋಡೆಗಳಿಗೆ ಅಂಕಗಣಿತ ಬಾರದಿದ್ದರಿಂದ ಹಲವು ಕುಟುಂಬಗಳು ನಷ್ಟ ಅನುಭವಿಸಿದವು. ಮುಂದಿನ ಮಳೆಗಾಲಕ್ಕೆ ಮುನ್ನ ಗೋಡೆಗಳಿಗೆ ತರಬೇತಿ ಶಿಬಿರ ನಡೆಸಬೇಕೆಂದು ಶಿಫಾರಸು ಮಾಡುತ್ತೇನೆ.

ಇನ್ನು ಜಾಗತಿಕ ಮನ್ನಣೆಯ ವಿಷಯ. ಚಿಲಿ ದೇಶದ ವಾಸ್ತುಶಿಲ್ಪಿ ಅಲೆಹಾಂದ್ರೊ ಅರವೇನಾ, ಇಕಿಕೆ ನಗರದ ಬಡ ಕುಟುಂಬಗಳಿಗೆ ಅರ್ಧ ಮನೆ ಕಟ್ಟಿಕೊಟ್ಟು, ಉಳಿದರ್ಧ ನೀವೇ ಕಟ್ಟಿಕೊಳ್ಳಿ ಎಂದರು. 2016ರಲ್ಲಿ, ನಮ್ಮ ಯೋಜನೆ ಬಂದ ವರ್ಷವೇ, ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಅರ್ಧ ಮನೆ ನಮ್ಮಲ್ಲೂ ಇದೆ. ವ್ಯತ್ಯಾಸವೆಂದರೆ ಅರವೇನಾ ಮನೆಯನ್ನು ಉದ್ದಕ್ಕೆ ಸೀಳಿದರು. ಅವರ ಅರ್ಧದಲ್ಲಿ ಅಡುಗೆಮನೆ, ಬಚ್ಚಲು, ಚಾವಣಿ ಎಲ್ಲ ಇದ್ದವು. ನಾವು ಅಡ್ಡಕ್ಕೆ ಸೀಳಿದೆವು. ನಮ್ಮ ಪಾಲಿಗೆ ಬಂದದ್ದು ಕೆಳಗಿನ ಅರ್ಧ.

ಈ ಸಲದ ಪ್ರಶಸ್ತಿಗೆ ನಾಲ್ಕೂ ತಾಲ್ಲೂಕುಗಳ ಹೆಸರು ಸೂಚಿಸಬೇಕೆಂದಿದ್ದೇನೆ. ಒಪ್ಪಿಗೆ ಸಹಿಗೆಂದು ಅದೇ ಅಜ್ಜಿಯ ಬಳಿ ಹೋದೆ. ಗೋವಿನಜೋಳ ಬಿಡಿಸುತ್ತ ಕೂತಿದ್ದ ಆಕೆ ಪೂರ್ತಿ ಕೇಳಿಸಿಕೊಂಡು, “ಪ್ರಶಸ್ತಿ ನೀವ ಇಟಗೋರಿ ಯಪ್ಪಾ, ನನಗ ಹತ್ತು ಚೀಲ ಸಿಮಿಟ್ ಕೊಡಸ್ರಿ” ಎಂದಳು. ಅರ್ಜಿಯಲ್ಲಿ ‘ಕಲಾವಿದರ ವಿನಯ’ ಎಂಬ ಕಲಮಿನಡಿ ಇದನ್ನು ನಮೂದಿಸಿದ್ದೇನೆ.