ಬೇಡಮ್ಮ

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದಂಥ ಬಡಾವಣೆಗಳಲ್ಲಿ ಕ್ರಾಸಿಗೊಬ್ಬರಂತೆ ಬೇಡಮ್ಮ ಇದ್ದೇ ಇರುತ್ತಾರೆ. ರೇಷನ್ ಕಾರ್ಡಿನಲ್ಲಿ ಅವರಿಗೆ ಬೇರೆ ಹೆಸರಿದೆ. ಬೇಡಮ್ಮ ಎಂಬುದು ಹೆತ್ತ ಮಕ್ಕಳೇ ಇಟ್ಟದ್ದು. ಮನೆಗೆ ಹೊಸದೇನು ಬರುತ್ತದೆ ಎಂದು ಗೊತ್ತಾದರೂ ಅವರ ಬಾಯಿಂದ ಮೊದಲು ಬೀಳುವ ಮಾತು ಅದೊಂದೇ. ವಾಷಿಂಗ್ ಮೆಷಿನ್ ಬೇಡ, ಬಟ್ಟೆ ಪಿಸಿದು ಹೋಗುತ್ತೆ. ಇಂಡಕ್ಷನ್ ಒಲೆ ಬೇಡ, ಶಾಕ್ ಹೊಡೆಯುತ್ತೆ. ಸ್ಮಾರ್ಟ್ ಫೋನ್ ಬೇಡ, ನನಗೆ ಹಸಿರು ಗುಂಡಿ, ಕೆಂಪು ಗುಂಡಿ ಇದ್ದರೆ ಸಾಕು. ಈಗ ಆಯುಧಪೂಜೆಯ ದಿನ ಮೊದಲ ಕುಂಕುಮ ಬೀಳುವುದು ಅದೇ ವಾಷಿಂಗ್ ಮೆಷಿನ್ನಿಗೆ. ಯಜಮಾನರ ಸ್ಕೂಟರು ಆಮೇಲೆ. ಫೋನಿನ ಸುದ್ದಿ ಎತ್ತದಿರುವುದೇ ವಾಸಿ. ಬೆಳಿಗ್ಗೆ ಐದೂವರೆಗೆ ಬಂಧುಬಳಗಕ್ಕೆಲ್ಲ ಗುಲಾಬಿ ಹೂವಿನ ಶುಭೋದಯ ಹೋಗುವುದು ಅವರ ಕೈಯಿಂದಲೇ. ಎದುರು ಮನೆಯವನಾದ ತಪ್ಪಿಗೆ ನನಗೂ ಬರುತ್ತದೆ.

ಹೀಗಿರುವಾಗ ಅವರು ನಾಯಿ ಬೇಡ ಎಂದದ್ದರಲ್ಲಿ ಆಶ್ಚರ್ಯವಿಲ್ಲ. ಮುಂಗಾರಿನ ಒಂದು ಸಂಜೆ ಐದನೇ ಕ್ಲಾಸಿನ ಮಗ ಸ್ಕೂಲ್ ಬ್ಯಾಗಿನಿಂದ ಪುಸ್ತಕದ ಬದಲು ಒಂದು ಕಂದು ಮರಿಯನ್ನು ಹೊರಗೆ ತೆಗೆದ. ನಮ್ಮ ಬೀದಿಯದೇ ಮರಿ. ಒಂದು ಕಿವಿ ನಿಂತಿತ್ತು, ಇನ್ನೊಂದು ಮಲಗಿತ್ತು. "ಈ ಮನೇಲಿ ಒಂದು ಅದಿರಬೇಕು, ಇಲ್ಲ ನಾನಿರಬೇಕು" ಎಂದು ಬೇಡಮ್ಮ ಸಾರಿದರು. ಯಜಮಾನರು ಪೇಪರಿನಿಂದ ತಲೆಯೆತ್ತಿ, ಇಬ್ಬರನ್ನೂ ಒಂದು ಸಲ ನೋಡಿ, ಮತ್ತೆ ಪೇಪರಿಗೆ ಮರಳಿದರು. ಬೆಳಗಾಗುತ್ತಲೇ ಪಾರ್ಕಿನ ಹತ್ತಿರ ಬಿಟ್ಟು ಬರತಕ್ಕದ್ದು ಎಂದು ತೀರ್ಪಾಯಿತು. ರಾತ್ರಿಯೆಲ್ಲ ಮರಿ ಕುಂಯ್ ಕುಂಯ್ ಎಂದಿತು. ಹನ್ನೊಂದು ಗಂಟೆಗೆ ಆ ಮನೆಯ ಅಡುಗೆಮನೆ ದೀಪ ಹೊತ್ತಿಕೊಂಡಿತು. "ಅದಕ್ಕೆ ಹೊಟ್ಟೆಗೆ ಹಾಕದೆ ಮಲಗಿದ್ದೀರಲ್ಲ, ನಿಮಗೇನು ಕರುಳಿಲ್ವಾ?" ಎಂದು ಮೂವರನ್ನೂ ಎಬ್ಬಿಸಿ ಬೈದದ್ದು ನಮ್ಮ ಮನೆಗೂ ಕೇಳಿಸಿತು. ಬೆಳಿಗ್ಗೆ ಪಾರ್ಕಿನ ಮಾತು ಯಾರೂ ಆಡಲಿಲ್ಲ.

ಮಕ್ಕಳು ಅದಕ್ಕೆ ಬ್ರೂನೋ ಎಂದು ಹೆಸರಿಟ್ಟರು. ಅದು ಬೇಡಮ್ಮನ ನಾಲಿಗೆಗೆ ಹೊರಳಲಿಲ್ಲ. ಮೊದಲು ಪೂರ್ಣ ಎಂದಾಯಿತು, ಆಮೇಲೆ ಪೂರ್ಣಯ್ಯ. ಹೈದರ್, ಟಿಪ್ಪು, ಅವರ ನಂತರ ಒಡೆಯರು ಎಂದು ಮೂರು ದರ್ಬಾರಿನಲ್ಲೂ ಪೀಠ ಬಿಡದ ದಿವಾನರ ಹೆಸರು ಈ ನಾಯಿಗೆ ಸರಿಯಾಗಿಯೇ ಒಪ್ಪಿದೆ. ಪಿಯುಸಿ ಓದುವ ಮಗಳ ಕೈಯಲ್ಲಿ ಬಿಸ್ಕತ್ತಿದ್ದರೆ ಅವಳ ಪಕ್ಷ, ತಮ್ಮನ ಕೈಯಲ್ಲಿದ್ದರೆ ಅವನ ಪಕ್ಷ, ಅಡುಗೆಮನೆಯಲ್ಲಿ ಡಬ್ಬಿ ಸದ್ದಾದರೆ ಮಾತ್ರ ಅಚಲವಾಗಿ ಅಮ್ಮನ ಪಕ್ಷ.

ಡಬ್ಬಿಗಳದ್ದೇ ಒಂದು ಲೋಕ. ಬೇಡಮ್ಮನ ಅಡುಗೆಮನೆಯಲ್ಲಿ ಡಬ್ಬಿಯ ಹೊರಗೆ ಬರೆದದ್ದಕ್ಕೂ ಒಳಗಿರುವುದಕ್ಕೂ ಸಂಬಂಧವಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ಬೋರ್ನ್‌ವಿಟಾ ಡಬ್ಬಿಯಲ್ಲಿ ಹೆಸರುಬೇಳೆ, 'ಹುಣಸೆಹಣ್ಣು' ಎಂಬ ಚೀಟಿಯ ಹಿಂದೆ ಕೋಡುಬಳೆ. ಇದು ಮಕ್ಕಳಿಗೆ ಗೊತ್ತು. ಗೊತ್ತೆಂಬುದು ಬೇಡಮ್ಮನಿಗೂ ಗೊತ್ತು. ಹಾಗಾಗಿ ಕೋಡುಬಳೆ ಒಮ್ಮೆ ಅಕ್ಕಿ ಡ್ರಮ್ಮಿನೊಳಗೆ, ಒಮ್ಮೆ ಅಟ್ಟದ ಮೇಲೆ ದಸರಾ ಬೊಂಬೆಗಳ ಟ್ರಂಕಿನ ಹಿಂದೆ ವಾಸ ಮಾಡುತ್ತದೆ. ಎಲ್ಲಿದ್ದರೂ ಪತ್ತೆಹಚ್ಚುವವರಲ್ಲಿ ಮೊದಲಿಗರು ಮಕ್ಕಳಲ್ಲ, ಸಕ್ಕರೆ ಕಾಯಿಲೆಯ ಯಜಮಾನರು. ಅವರ ಗುರಿ ರವೆ ಉಂಡೆ. ಪೂರ್ಣಯ್ಯ ಬಂದ ಮೇಲೆ ಈ ಮೂವರ ದಂಧೆಗೂ ಕುತ್ತು ಬಂತು. ಬಿಗಿಯಾದ ಸ್ಟೀಲ್ ಡಬ್ಬಿಯ ಮುಚ್ಚಳ ಎಷ್ಟು ನಾಜೂಕಾಗಿ ತೆಗೆದರೂ 'ಠಣ್' ಅನ್ನದೆ ಬಿಡದು. ತಾರಸಿಯಲ್ಲಿ ನಿದ್ದೆ ಹೊಡೆಯುತ್ತಿದ್ದ ನಾಯಿ ಆ ಠಣ್ಣಿಗೆ ಅಡುಗೆಮನೆಯ ಹೊಸಲಿನಲ್ಲಿ ಹಾಜರು. ಬೊಗಳುವುದಿಲ್ಲ, ಅಷ್ಟು ಅಸಭ್ಯನಲ್ಲ. ಬಾಲ ಆಡಿಸುತ್ತಾನೆ, ಅದು ಫ್ರಿಜ್ಜಿನ ಬಾಗಿಲಿಗೆ ಡಬ್ ಡಬ್ ಎಂದು ಬಡಿಯುತ್ತದೆ. "ಯಾರೋ ಅಲ್ಲಿ?" ಎಂದು ನಡುಮನೆಯಿಂದ ಕೇಳಿಬರುವುದರೊಳಗೆ ಕದ್ದವರು ಪೂರ್ಣಯ್ಯನಿಗೆ ಪಾಲು ಕೊಟ್ಟು ಬಾಲ ನಿಲ್ಲಿಸಬೇಕು.

ಬೆಕ್ಕು ಮಾತ್ರ ಸಾಕಿದ್ದಲ್ಲ. ಇದು ಬೇಡಮ್ಮನ ಅಧಿಕೃತ ನಿಲುವು. ಹಿಂದೆ ಮೈಸೂರಿಗೆ ಓದಲು ಬಂದ ಬಡ ಹುಡುಗರು ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡ ಹಾಗೆ ಈ ಬೆಕ್ಕೂ ನಮ್ಮ ಕ್ರಾಸಿನ ಮನೆಗಳನ್ನು ಸರದಿಯ ಮೇಲೆ ಹಂಚಿಕೊಂಡಿದೆ. ಮಂಗಳವಾರ, ಶುಕ್ರವಾರ ಬೇಡಮ್ಮನ ಹಿತ್ತಲು. "ಅದಕ್ಕೆ ಯಾಕಮ್ಮ ಹಾಲಿಟ್ಟೆ?" ಎಂದು ಮಗಳು ಕೇಳಿದರೆ, "ನಾನೆಲ್ಲಿಟ್ಟೆ? ಲೋಟ ತೊಳೆಯೋಕೆ ಹಾಕಿದ್ದೆ" ಎಂದು ಉತ್ತರ. ತೊಳೆಯಲು ಹಾಕಿದ ಲೋಟದಲ್ಲಿ ನಾಲ್ಕು ಬೆರಳು ಹಾಲಿರುತ್ತದೆ. ಕೆನೆ ಸಮೇತ.

ಬೇಡಮ್ಮ ಪೂರ್ತಿ ಬೇಡಮ್ಮನಾಗುವುದು ಗೋಕುಲಾಷ್ಟಮಿಗೆ. "ಈ ವರ್ಷ ಏನೂ ಬೇಡ. ಅಂಗಡೀಲಿ ಕಾಲು ಕೆ.ಜಿ. ತಂದಿಟ್ಟರೆ ಕೃಷ್ಣ ತಿನ್ನಲ್ಲ ಅಂತಾನಾ?" ಎಂದು ಅವರು ಹೇಳುವ ಹೊತ್ತಿಗೆ ಅಕ್ಕಿ ತೊಳೆದು, ಹಳೇ ಪಂಚೆಯ ಮೇಲೆ ನೆರಳಿನಲ್ಲಿ ಹರಡಿಯಾಗಿರುತ್ತದೆ. ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಹುರಿದ ಉದ್ದಿನಬೇಳೆ. ಮಿಲ್ಲಿಗೆ ಹೊರುವುದು ಮಗನ ಪಾಲಿಗೆ. ಅವನ ಜೊತೆ ನಿಬಂಧನೆಗಳೂ ಹೋಗುತ್ತವೆ. ಯಾರದಾದರೂ ಅಕ್ಕಿ ಬೀಸಿದ ಮೇಲೆಯೇ ನಮ್ಮದು ಹಾಕಿಸಬೇಕು. ರಾಗಿ ಬೀಸಿದ ಮೇಲೆ ಹಾಕಿಸಿದರೆ ಚಕ್ಕುಲಿ ಕಪ್ಪಾಗುತ್ತದೆ. ಖಾರದಪುಡಿ ಮೆಷಿನ್ನಿನ ದಿಕ್ಕಿಗೆ ತಲೆ ಹಾಕಿಯೂ ಮಲಗಬಾರದು. ಹುಡುಗ ಮಿಲ್ಲಿನ ಕಟ್ಟೆಯ ಮೇಲೆ ಡಬ್ಬಿ ತಬ್ಬಿಕೊಂಡು, ಬರುವವರನ್ನೆಲ್ಲ "ಆಂಟಿ, ನಿಮ್ಮದು ಅಕ್ಕೀನಾ?" ಎಂದು ವಿಚಾರಿಸುತ್ತ ಕೂತಿರುವುದನ್ನು ನಾನೇ ಕಂಡಿದ್ದೇನೆ.

ಮಗಳು ಒಂದು ಸಲ ಅಳತೆ ಬರೆದಿಟ್ಟುಕೊಳ್ಳಲು ಫೋನು ಹಿಡಿದು ನಿಂತಳು.

"ಬೆಣ್ಣೆ ಎಷ್ಟಮ್ಮ?"

"ಹಿಡಿಸಿದಷ್ಟು."

"ಅಂದ್ರೆ ಎಷ್ಟು ಗ್ರಾಂ?"

"ಮುಷ್ಟೀಲಿ ಹಿಡಿದರೆ ಹಿಟ್ಟು ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು."

"ಜಾಸ್ತಿ ಆದ್ರೆ?"

"ಎಣ್ಣೇಲಿ ಬಿಚ್ಚಿಕೊಳ್ಳುತ್ತೆ."

"ಕಮ್ಮಿ ಆದ್ರೆ?"

"ನಿಮ್ಮಪ್ಪನ ಹಲ್ಲು ಹೋಗುತ್ತೆ."

ಮಗಳು ಇಷ್ಟನ್ನೂ ಬರೆದುಕೊಂಡಳು. ಬಾಣಲೆ ಕಾದಿದೆಯೇ ಎಂದು ಚಿಟಿಕೆ ಹಿಟ್ಟು ಬಿಟ್ಟು ನೋಡಿ, ಚಕ್ಕುಲಿ ಒರಳನ್ನು ಸೆರಗಿನಲ್ಲಿ ಹಿಡಿದು, ಬಾಳೆಲೆಯ ಚೂರಿನ ಮೇಲೆ ಸುತ್ತಿ, ಎಣ್ಣೆಗೆ ಜಾರಿಸುವವರೆಗೆ ಬೇಡಮ್ಮ ಮಾತಾಡುವುದಿಲ್ಲ. ನೊರೆ ಅಡಗಿ, ಎಣ್ಣೆಯ ಸದ್ದು ಇಳಿದ ಮೇಲೇ ಜಾಲರಿ ಸೌಟು ಮೇಲೇಳುವುದು. ಆಗ ಇಡೀ ಕ್ರಾಸಿಗೆ ಇಂಗು, ಓಮದ ಘಮ. ನೈವೇದ್ಯವಾಗುವವರೆಗೆ ಯಾರೂ ಮುಟ್ಟಬಾರದು, ಮೂಸಲೂಬಾರದು. ಮಗನಿಗೆ ಉಸಿರು ಬಿಗಿಹಿಡಿದು ಓಡಾಡುವ ಶಿಕ್ಷೆ.

ಮೂಸುವುದೇ ಕಸುಬಾದವನಿಗೆ ಈ ಕಾನೂನು ಅನ್ವಯಿಸುವುದಿಲ್ಲ ಎಂಬುದು ಅಂದು ಹೊರಬಿತ್ತು. ಮೊದಲ ಒಬ್ಬೆಯಲ್ಲಿ ಉಪ್ಪು ಖಾರ ಸೋಕದ ಎರಡು ಚಕ್ಕುಲಿ ಬೇರೆಯಾಗಿ ಬೆಂದು, ಆರಿ, ಹಿತ್ತಲ ಬಾಗಿಲಿನಿಂದ ಪೂರ್ಣಯ್ಯನ ಬಾಯಿಗೆ ಹೋಗುತ್ತಿದ್ದಾಗ ಮಗಳು ಹಿಡಿದಳು. ಬೇಡಮ್ಮ ಹಿಂಜರಿಯಲಿಲ್ಲ. ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿಗಳಿಲ್ಲವೇ? ಭೈರವನ ವಾಹನ ಯಾವುದು? ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲ್ಲ ಅಂತ ಇಂದ್ರನಿಗೇ ಹೇಳಲಿಲ್ಲವೇ?

"ಸರಿ, ನೀನು ಧರ್ಮರಾಯ, ಅದು ನಾಯಿ. ನಾವು ಯಾರು?"

"ನೀವು ದಾರೀಲಿ ಬಿದ್ದು ಹೋದ ತಮ್ಮಂದಿರು. ಹೋಗಿ ರಂಗೋಲಿ ಹಾಕು."

ಆ ವರ್ಷದ ರವೆ ಉಂಡೆಯಲ್ಲಿ ದ್ರಾಕ್ಷಿ ಇರಲಿಲ್ಲ. ಆಮೇಲೂ ಇಲ್ಲ. ಕಾರಣ ಪಶುವೈದ್ಯರು. ರೇಬೀಸ್ ಚುಚ್ಚುಮದ್ದಿಗೆಂದು ಕರೆದುಕೊಂಡು ಹೋದಾಗ ಅವರು ನಾಯಿಗೆ ಕೊಡಬಾರದ್ದನ್ನೆಲ್ಲ ಹೇಳಿದರಂತೆ. ದ್ರಾಕ್ಷಿ ಬೇಡ, ಒಣದ್ರಾಕ್ಷಿಯಂತೂ ಬೇಡವೇ ಬೇಡ, ಮೂತ್ರಪಿಂಡಕ್ಕೆ ಹೊಡೆತ. ಈರುಳ್ಳಿ ಬೇಡ, ರಕ್ತ ಕೆಡುತ್ತದೆ. ಚಾಕೊಲೇಟ್ ಬೇಡ. ಕರಿದ ತಿಂಡಿಯೂ ಒಳ್ಳೆಯದಲ್ಲ. ಒಂದೇ ಉಸಿರಿಗೆ ಇಷ್ಟು ಬೇಡ ಹೇಳಬಲ್ಲ ಇನ್ನೊಬ್ಬರನ್ನು ಬೇಡಮ್ಮ ಜೀವನದಲ್ಲಿ ಮೊದಲ ಸಲ ಕಂಡದ್ದು. ಗಂಡನ ಸಕ್ಕರೆ ಕಾಯಿಲೆಯ ಡಾಕ್ಟರ ಮಾತಿಗೆ "ಅವರೇನು, ಹಾಗೇ ಹೇಳ್ತಾರೆ" ಎನ್ನುವವರು ಈ ಡಾಕ್ಟರಿಗೆ ಎದ್ದು ನಿಂತು ಕೈಮುಗಿದು ಬಂದರು. ಕರಿದದ್ದರ ವಿಷಯ ಮಾತ್ರ ಅವರ ಕಿವಿಗೆ ಬಿದ್ದ ಹಾಗಿಲ್ಲ. ಅಂದಿನಿಂದ ಈರುಳ್ಳಿ ಹೆಚ್ಚುವಾಗ ಅಡುಗೆಮನೆ ಬಾಗಿಲು ಮುಚ್ಚಿರುತ್ತದೆ. ದ್ರಾಕ್ಷಿ ಮನೆಯೊಳಗೇ ಇಲ್ಲ. "ಉಂಡೆ ತಿನ್ನೋವಾಗ ನೀನು ಕೆಳಗೆ ಬೀಳಿಸಿದರೆ?" ಎಂಬ ಪ್ರಶ್ನೆಗೆ ಮಗನ ಬಳಿ ಉತ್ತರವಿಲ್ಲ. ರವೆ ಉಂಡೆಯಲ್ಲಿ ದ್ರಾಕ್ಷಿಯನ್ನು ಮಾತ್ರ ಆರಿಸಿ ತಿನ್ನುತ್ತಿದ್ದವನು ಅವನು. ಮನೆಗೆ ನಾಯಿ ತಂದವನೂ ಅವನೇ ಆದ್ದರಿಂದ ಯಾರಿಗೆ ದೂರು ಕೊಡಬೇಕೆಂದು ಅವನಿಗೆ ತಿಳಿದಿಲ್ಲ.

ನಿಮಗಿಂತ ಆ ನಾಯಿ ವಾಸಿ ಎಂಬ ಮಾತು ಕರ್ನಾಟಕದ ಎಲ್ಲ ತಾಯಂದಿರೂ ಆಡುತ್ತಾರೆ. ಬೇಡಮ್ಮ ಪಟ್ಟಿ ಸಮೇತ ಆಡುತ್ತಾರೆ. ಕರೆದರೆ ಬರುತ್ತೆ, ಹಾಕಿದ್ದು ತಿನ್ನುತ್ತೆ, ಉಪ್ಪಿಟ್ಟಾ ಅಂತ ಮುಖ ಸಿಂಡರಿಸಲ್ಲ, ಒದ್ದೆ ಟವೆಲ್ ಮಂಚದ ಮೇಲೆ ಎಸೆಯಲ್ಲ.

ಈಚೆಗೆ ಮಗ ಗಿಳಿ ಬೇಕು ಎಂದು ಹಟ ಹಿಡಿದ. ಬೇಡಮ್ಮ ಬಾಯಿ ತೆರೆಯುವ ಮೊದಲೇ ಮಗಳು ಫೋನು ನೋಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಗಿಳಿಗಳನ್ನು ಪಂಜರದಲ್ಲಿ ಸಾಕುವ ಹಾಗಿಲ್ಲ ಎಂದು ಓದಿ ಹೇಳಿದಳು. ಸರ್ಕಾರ ತನಗಿಂತ ಮೊದಲೇ ಬೇಡ ಎಂದುಬಿಟ್ಟದ್ದು ಬೇಡಮ್ಮನಿಗೆ ಅಷ್ಟೇನೂ ರುಚಿಸಲಿಲ್ಲ. ಮೀನಾದರೂ ತರೋಣ ಎಂದ ಹುಡುಗ. ಅದಕ್ಕೆ ಯಾವ ಕಾಯ್ದೆಯೂ ಅಡ್ಡ ಬರಲಿಲ್ಲವಾದ್ದರಿಂದ ಬೇಡ ಎನ್ನುವ ಅವಕಾಶ ಅವರಿಗೇ ಸಿಕ್ಕಿತು. ಮೊನ್ನೆ ಹಾಲಿಗೆ ಹೋದಾಗ ನೋಡಿದೆ, ಟಿ.ವಿ. ಪಕ್ಕದ ಜಾಗವನ್ನು ಬ್ಲೌಸ್ ಹೊಲಿಯುವ ಟೇಪಿನಲ್ಲಿ ಅಳೆಯುತ್ತಿದ್ದರು.

ನಿಮ್ಮ ಕ್ರಾಸಿನ ಬೇಡಮ್ಮನ ಮನೆಗೆ ಈ ಹಬ್ಬಕ್ಕೆ ಹೋಗುವವರಿದ್ದರೆ ಒಂದು ಮಾತು. ಗೇಟಿನ ಚಿಲಕ ಮರೆಯದೆ ಹಾಕಿ. ತಟ್ಟೆ ಮುಂದೆ ಬಂದಾಗ ಶುಗರ್ ಇದೆ, ಡಯಟ್ ಮಾಡ್ತಿದ್ದೀನಿ, ಬೇಡ ಎಂದೆಲ್ಲ ಹೇಳಲು ಹೋಗಬೇಡಿ. ನಾಲ್ಕು ಚಕ್ಕುಲಿಯ ತಟ್ಟೆ ಎಂಟಾಗುತ್ತದೆ, ಮೇಲೆರಡು ಪೇಪರಿನಲ್ಲಿ ಸುತ್ತಿ ಕೈಗೆ ಬರುತ್ತದೆ. ಆ ಮನೆಯಲ್ಲಿ ಬೇಡ ಎನ್ನುವ ಹಕ್ಕು ಒಬ್ಬರಿಗೆ ಮಾತ್ರ.